ಕಾಫಿ ಕಣದ ಕಾಂಕ್ರೀಟ್ ಒಡೆಸಿದ ಐದು ದಿನ: ಒಬ್ಬ ಗುತ್ತಿಗೆದಾರರ ಕೆಲಸದ ಬಗ್ಗೆ

ಫೆಬ್ರವರಿ ಕೊನೆಯ ವಾರದಲ್ಲಿ ನಮ್ಮ ಮನೆಯ ಮುಂದಿದ್ದ 720 ಚದರ ಅಡಿಯ ಕಾಂಕ್ರೀಟ್ ಕಣವನ್ನು ಒಡೆದು, ಚೂರುಗಳನ್ನು ಸಾಗಿಸುವ ಕೆಲಸವನ್ನು ಚಿಕ್ಕಮಗಳೂರಿನ ಒಬ್ಬ ಗುತ್ತಿಗೆದಾರರಿಗೆ ಒಪ್ಪಿಸಿದ್ದೆವು. ಮೂರು ದಿನದ ಕೆಲಸವೆಂದು ಹೇಳಿದ್ದು ಐದು ದಿನವಾಯಿತು, 43,500 ರೂಪಾಯಿಯ ಅಂದಾಜು ಕೊನೆಗೆ 45,340ಕ್ಕೆ ಬಂದು ನಿಂತಿತು. ಆದರೂ ಹಳೆಯ ಮನೆಯ ಗೋಡೆಯಲ್ಲಿ ಒಂದು ಕೂದಲೆಳೆಯಷ್ಟೂ ಬಿರುಕು ಬಂದಿಲ್ಲ, ತುಳಸಿಕಟ್ಟೆ ಇದ್ದಂತೆಯೇ ಇದೆ. ಗುತ್ತಿಗೆದಾರರ ಹೆಸರನ್ನು ನಾನು ಬರೆಯುತ್ತಿಲ್ಲ. ಮೆಚ್ಚುಗೆಯ ಜೊತೆಗೆ ಅವರ ಮೇಲೆ ಎರಡು ಗಟ್ಟಿಯಾದ ದೂರುಗಳೂ ನನಗಿವೆ, ಮತ್ತು ಅವೆರಡನ್ನೂ ಅವರ ಎದುರಿನಲ್ಲೇ ಹೇಳಿದ್ದೇನೆ. ಇದೇ ಬಗೆಯ ಕೆಲಸಕ್ಕೆ ಜನ ಹುಡುಕುತ್ತಿರುವವರಿಗೆ ಹೆಸರಿಗಿಂತ ಕೆಲಸದ ವಿವರವೇ ಹೆಚ್ಚು ಉಪಯೋಗಕ್ಕೆ ಬಂದೀತು ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯಿರುವುದು ಊರಿನ ಅಂಚಿನಲ್ಲಿ, ಕೈಮರದ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ. ಎರಡೂವರೆ ಎಕರೆ ತೋಟದ ಕಾಫಿಯನ್ನು ಒಣಗಿಸಲೆಂದು ನಮ್ಮ ತಂದೆಯವರು ಮನೆಯ ಮುಂದೆಯೇ 30 ಅಡಿ ಉದ್ದ, 24 ಅಡಿ ಅಗಲದ ಕಣ ಹಾಕಿಸಿದ್ದರು. ಆಗ ಅದು ಅತ್ಯಂತ ಸರಿಯಾದ ತೀರ್ಮಾನವೇ ಆಗಿತ್ತು. ಮಣ್ಣಿನ ಕಣದಲ್ಲಿ ಒಣಗಿಸಿದ ಕಾಫಿಗೆ ಮಣ್ಣಿನ ವಾಸನೆ ಹಿಡಿಯುತ್ತದೆ, ಬೂಸ್ಟು ಬೇಗ ಬರುತ್ತದೆ. ಕಾಂಕ್ರೀಟಿನ ಮೇಲಾದರೆ ಹಣ್ಣನ್ನು ತೆಳುವಾಗಿ ಹರಡಿ, ದಿನಕ್ಕೆ ನಾಲ್ಕಾರು ಸಲ ಕೈಯಾಡಿಸಿ, ಎರಡು ವಾರದ ಬಿಸಿಲಿನಲ್ಲಿ ಗಲಗಲ ಶಬ್ದ ಬರುವಂತೆ ಒಣಗಿಸಬಹುದು. ಈಗ ಏಳೆಂಟು ವರ್ಷಗಳಿಂದ ನಾವು ಹಸಿ ಹಣ್ಣನ್ನೇ ಮಾರುತ್ತಿದ್ದೇವೆ. ಕಣದ ಮೇಲೆ ಕಾಫಿಯ ಬದಲು ಕಾರು ನಿಲ್ಲುತ್ತಿತ್ತು.

ಅಷ್ಟೇ ಆಗಿದ್ದರೆ ಅದನ್ನು ಒಡೆಸುವ ಗೋಜಿಗೆ ಹೋಗುತ್ತಿರಲಿಲ್ಲ. ಮೊದಲು ಹಾಕಿದ ಕಾಂಕ್ರೀಟಿನ ಇಳಿಜಾರು ಮನೆಯ ಕಡೆಗೇ ಇತ್ತು. ಅದನ್ನು ಸರಿಪಡಿಸಲೆಂದು ಕೆಲವು ವರ್ಷಗಳ ನಂತರ ಮನೆಯ ಕಡೆಯ ಅರ್ಧಭಾಗದ ಮೇಲೆ ಇನ್ನೊಂದು ಪದರ ಹಾಕಿಸಿದರು. ನೀರು ಗೇಟಿನ ಕಡೆಗೆ ತಿರುಗಿತು ನಿಜ, ಆದರೆ ಅಂಗಳದ ಮಟ್ಟ ಜಗಲಿಯ ಕೆಳಗಿನ ಪಾಯದ ಕಲ್ಲನ್ನು ಮುಚ್ಚಿ ಗೋಡೆಯ ಇಟ್ಟಿಗೆಯವರೆಗೆ ಏರಿತು. ನಮ್ಮದು ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆ, ಮೇಲೆ ಮಂಗಳೂರು ಹೆಂಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಣದ ಮೇಲೆ ಬಿದ್ದ ಮಳೆ ಗೋಡೆಯ ಬುಡಕ್ಕೆ ಚಿಮ್ಮಿ, ತೇವ ಮೂರಡಿ ಎತ್ತರದವರೆಗೂ ಹತ್ತಿ, ಸುಣ್ಣ ಹಪ್ಪಳದಂತೆ ಎದ್ದು ಬೀಳುತ್ತಿತ್ತು. ಗೋಡೆಗೆ ಬಳಿಯುವ ದುಬಾರಿ ಬಣ್ಣಗಳಿಗೆ ಎರಡು ವರ್ಷ ಹಣ ಸುರಿದ ಮೇಲೆ, ಕಾಯಿಲೆ ಗೋಡೆಯದಲ್ಲ, ಅಂಗಳದ್ದು ಎಂಬುದು ನಮಗೆ ಅರ್ಥವಾಯಿತು.

ಒಡೆಯುವವರನ್ನು ಹುಡುಕುವುದಕ್ಕೆ ಫೆಬ್ರವರಿ ಒಳ್ಳೆಯ ತಿಂಗಳಲ್ಲ. ರೊಬಸ್ಟಾ ಕೊಯ್ಲು ಮುಗಿಯುವ ಹೊತ್ತಿಗೆ ಕಾಳುಮೆಣಸಿನ ಕೊಯ್ಲು ಶುರುವಾಗುವುದರಿಂದ ಆಳುಗಳೆಲ್ಲ ತೋಟಗಳಲ್ಲಿರುತ್ತಾರೆ. ಅದಕ್ಕಿಂತ ತಡಮಾಡಿದರೆ ಹೂಮಳೆ, ಅಂದರೆ ಕಾಫಿ ಗಿಡವನ್ನು ಹೂಬಿಡಿಸುವ ಬೇಸಿಗೆಯ ಮಳೆ, ಬೀಳುತ್ತದೆ, ಒಡೆದ ಅಂಗಳ ಕೆಸರಾಗಿ ಟ್ರಾಕ್ಟರ್ ಒಳಗೆ ಬರುವುದಿಲ್ಲ. ಹೀಗಾಗಿ ಸಿಕ್ಕ ಮೂವರನ್ನು ವಿಚಾರಿಸಿದೆ. ಮೊದಲನೆಯವರು ಫೋನಿನಲ್ಲೇ ಫೋಟೋ ತರಿಸಿಕೊಂಡು, ಚದರ ಅಡಿಗೆ 30 ರೂಪಾಯಿಯಂತೆ 21,600 ಆಗುತ್ತದೆ ಎಂದರು. ಚೂರನ್ನು ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಿದ್ದಕ್ಕೆ, ಅದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಎಂಬ ಉತ್ತರ ಬಂದಿತು. ಎರಡನೆಯವರು ಬಂದು ನೋಡಿ, ಜೆಸಿಬಿಗೆ ಕಾಂಕ್ರೀಟ್ ಒಡೆಯುವ ಬ್ರೇಕರ್ ಕಟ್ಟಿಸಿ ತಂದರೆ ಅರ್ಧ ದಿನದ ಮಾತು, 15 ಸಾವಿರ ಕೊಟ್ಟುಬಿಡಿ ಎಂದರು. ಮೂರನೆಯವರು ಮಾತ್ರ ದರವನ್ನೇ ಹೇಳಲಿಲ್ಲ.

ಅವರು ಹೇಳಿದ್ದು ಇಷ್ಟು: “ಸಾರ್, ಮೇಲಿಂದ ನೋಡಿ ರೇಟ್ ಹೇಳೋದು ಸುಲಭ. ಆಮೇಲೆ ನಿಮ್ಗೂ ಬೇಜಾರು, ನಮ್ಗೂ ಬೇಜಾರು. ಎರಡು ಕಡೆ ತೂತು ಹೊಡೆದು ನೋಡ್ಲಾ?”

ಮರುದಿನ ಬೆಳಿಗ್ಗೆ ಒಬ್ಬ ಹುಡುಗನನ್ನೂ ಒಂದು ಸಣ್ಣ ಬ್ರೇಕರನ್ನೂ ಕರೆದುಕೊಂಡು ಬಂದು ಗೇಟಿನ ಹತ್ತಿರ ಒಂದು, ಜಗಲಿಯಿಂದ ನಾಲ್ಕಡಿ ದೂರದಲ್ಲಿ ಇನ್ನೊಂದು, ಹೀಗೆ ಒಂದೊಂದು ಅಡಿ ಚೌಕದ ಎರಡು ಗುಂಡಿಗಳನ್ನು ತೆಗೆಸಿದರು. ಗೇಟಿನ ಕಡೆಯ ಗುಂಡಿಯಲ್ಲಿ ನಾಲ್ಕು ಅಂಗುಲ ಕಾಂಕ್ರೀಟು, ಅದರ ಕೆಳಗೆ ಸೋಲಿಂಗು, ಅಂದರೆ ದಪ್ಪ ಕಲ್ಲುಗಳನ್ನು ಹಾಸಿದ ತಳಪದರ, ಆಮೇಲೆ ಕೆಂಪು ಮಣ್ಣು ಕಾಣಿಸಿತು. ಜಗಲಿಯ ಕಡೆಯ ಗುಂಡಿಯ ಬದಿಯನ್ನು ಅವರು ಒದ್ದೆ ಬಟ್ಟೆಯಿಂದ ಒರೆಸಿ ತೋರಿಸಿದಾಗ ನಮ್ಮ ಮನೆಯ ಚರಿತ್ರೆಯೇ ಅಲ್ಲಿ ಪದರಪದರವಾಗಿ ಕುಳಿತಿತ್ತು: ಮೇಲೆ ಸಣ್ಣ ಜಲ್ಲಿಯ ಮೂರು ಅಂಗುಲ, ನಡುವೆ ಕಾಫಿ ಸಿಪ್ಪೆ ಅಂಟಿಕೊಂಡ ಕಪ್ಪು ಗೆರೆ, ಅದರ ಕೆಳಗೆ ದಪ್ಪ ಜಲ್ಲಿಯ ಹಳೆಯ ನಾಲ್ಕು ಅಂಗುಲ. ಒಟ್ಟು ಏಳು. ಹಳೆಯ ಕಣವನ್ನು ಸರಿಯಾಗಿ ತೊಳೆಯದೆಯೇ ಎರಡನೆಯ ಪದರ ಹಾಕಿದ್ದಾರೆಂದೂ, ಆದ್ದರಿಂದ ಎರಡೂ ಒಂದಕ್ಕೊಂದು ಬೆಸೆದುಕೊಂಡಿಲ್ಲವೆಂದೂ, ಮೇಲಿನದನ್ನು ಹಾರೆ ಹಾಕಿ ಎಬ್ಬಿಸಬಹುದೆಂದೂ ಅವರು ವಿವರಿಸಿದರು. ಈ ಎರಡು ಗುಂಡಿಗಳಿಗೆ ಅವರು ಕೇಳಿದ್ದು 500 ರೂಪಾಯಿ; ಕೆಲಸ ತಮಗೇ ಸಿಕ್ಕರೆ ಅದನ್ನೂ ಬಿಟ್ಟುಬಿಡುವುದಾಗಿ ಹೇಳಿ, ಹಾಗೆಯೇ ಬಿಟ್ಟರು. ಈ ವಿಮರ್ಶೆಯಲ್ಲಿ ನಾನು ಅವರಿಗೆ ಕೊಡುವ ಅಂಕಗಳಲ್ಲಿ ಅರ್ಧದಷ್ಟು ಆ ಒಂದು ಗಂಟೆಯ ಕೆಲಸಕ್ಕೇ ಸಲ್ಲಬೇಕು.

ಏಕೆಂದರೆ ಕಾಂಕ್ರೀಟ್ ಹಾಕುವಾಗ ಚದರ ಅಡಿಯ ಲೆಕ್ಕ ನಡೆದೀತು, ದಪ್ಪ ಎಷ್ಟೆಂದು ಇಬ್ಬರಿಗೂ ಗೊತ್ತಿರುತ್ತದೆ. ಒಡೆಯುವಾಗ ದಪ್ಪವೇ ಎಲ್ಲವೂ, ಅದೇ ಕಣ್ಣಿಗೆ ಕಾಣುವುದಿಲ್ಲ. ನಮ್ಮ ಕಣದ ಅರ್ಧಭಾಗ, ಅಂದರೆ 360 ಚದರ ಅಡಿ, ನಾಲ್ಕು ಅಂಗುಲ ದಪ್ಪವಿದ್ದು 120 ಘನ ಅಡಿಯಾಯಿತು. ಇನ್ನರ್ಧ ಏಳು ಅಂಗುಲ ದಪ್ಪವಿದ್ದು 210 ಘನ ಅಡಿಯಾಯಿತು. ಒಟ್ಟು 330 ಘನ ಅಡಿ. ಕಬ್ಬಿಣವಿಲ್ಲದ ಕಾಂಕ್ರೀಟು ಘನ ಮೀಟರಿಗೆ ಸುಮಾರು 2,400 ಕೆಜಿ ತೂಗುವುದರಿಂದ ಘನ ಅಡಿಗೆ ಹತ್ತಿರ ಹತ್ತಿರ 68 ಕೆಜಿ. ಹಾಗೆಂದರೆ ನಾವು ಮನೆಯ ಮುಂದಿನಿಂದ ಎತ್ತಿಸಬೇಕಾಗಿದ್ದದ್ದು 22 ಟನ್‌ಗಿಂತ ಹೆಚ್ಚಿನ ಭಾರ. ಫೋಟೋ ನೋಡಿ ಚದರ ಅಡಿಗೆ 30 ರೂಪಾಯಿ ಹೇಳಿದವರು ನಾಲ್ಕು ಅಂಗುಲವೆಂದು ಅಂದುಕೊಂಡಿದ್ದರೆ ಅವರ ಮನಸ್ಸಿನಲ್ಲಿದ್ದದ್ದು 16 ಟನ್. ಉಳಿದ ಆರು ಟನ್ನಿಗೆ ಜಗಳ ಕೆಲಸದ ಎರಡನೆಯ ದಿನ ಆರಂಭವಾಗುತ್ತಿತ್ತು.

ಜೆಸಿಬಿಯ ಆಸೆಯನ್ನು ಕೈಬಿಟ್ಟದ್ದಕ್ಕೆ ಕಾರಣ ಹಣವಲ್ಲ. ಗೋಡೆಯಿಂದ ದೂರವಿರುವ ಬಯಲಿನಲ್ಲಿ ಅದರಷ್ಟು ಬೇಗ ಕೆಲಸ ಮುಗಿಸುವ ಯಂತ್ರ ಬೇರೆಯಿಲ್ಲ. ಆದರೆ ಅದರ ಬ್ರೇಕರಿನ ಪೆಟ್ಟು ನೆಲದುದ್ದಕ್ಕೂ ಹರಿದು ಬರುತ್ತದೆ. ಮಣ್ಣಿನ ಗಾರೆಯ ಗೋಡೆಗೆ ಅಂಟಿಕೊಂಡೇ ಕಾಂಕ್ರೀಟು ಇದ್ದಾಗ ಆ ಪೆಟ್ಟು ಗೋಡೆಯನ್ನೂ ಮುಟ್ಟುತ್ತದೆ, ಹೆಂಚುಗಳೂ ಜಾರುತ್ತವೆ. ಜೊತೆಗೆ ನಮ್ಮ ಗೇಟಿನ ಪಕ್ಕದಲ್ಲೇ ಶೌಚದ ಗುಂಡಿಯ ಚಪ್ಪಡಿಯಿದೆ. ಟ್ರಾಕ್ಟರಿಗೆ ಕಂಪ್ರೆಸರ್ ಕಟ್ಟಿ ಗಾಳಿಯ ಒತ್ತಡದಿಂದ ಒಡೆಯುವ ವ್ಯವಸ್ಥೆಯೂ ಊರಿನಲ್ಲಿ ಸಿಗುತ್ತದೆ, ಆದರೆ ಇಕ್ಕಟ್ಟಾದ ಬಡಾವಣೆಯಲ್ಲಿ ಅದರ ಸದ್ದು ಸಹಿಸುವಂಥದ್ದಲ್ಲ. ಕೊನೆಗೆ ಕೈಯಲ್ಲಿ ಹಿಡಿಯುವ ಎರಡು ವಿದ್ಯುತ್ ಬ್ರೇಕರ್‌ಗಳಿಂದಲೇ ಮಾಡುವುದೆಂದು ತೀರ್ಮಾನವಾಯಿತು.

ದರ ಘನ ಅಡಿಗೆ 110 ರೂಪಾಯಿಯಂತೆ 36,300. ಸಾಗಣೆ ಬೇರೆ, ಟ್ರಾಕ್ಟರ್ ಲೋಡಿಗೆ 1,200 ರೂಪಾಯಿ, ಸುಮಾರು ಆರು ಲೋಡ್. ಇವೆಲ್ಲವನ್ನೂ ಒಂದು ಬಿಳಿಯ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು. ಮುಂಗಡ 10 ಸಾವಿರ, ಅರ್ಧ ಕೆಲಸಕ್ಕೆ 15 ಸಾವಿರ, ಕೊನೆಯ ಲೋಡ್ ಗೇಟು ದಾಟಿದ ಮೇಲೆ ಬಾಕಿ ಎಂದಿತ್ತು. ನೀರಿನ ಪೈಪಿಗೆ ಪೆಟ್ಟಾದರೆ ಅವರದೇ ಖರ್ಚು, ರಸ್ತೆಯ ಬದಿಗೂ ಪಕ್ಕದ ಮನೆಯ ಬದಿಗೂ ಹಸಿರು ನೆಟ್ ಕಟ್ಟಬೇಕು, ಗೋಡೆಯಿಂದ ಅರ್ಧ ಅಡಿಯೊಳಗೆ ಬ್ರೇಕರ್ ಇಡಬಾರದು ಎಂಬುದನ್ನೂ ಸೇರಿಸಿದ್ದೆವು. ಕಬ್ಬಿಣ ಸಿಕ್ಕರೆ ಯಾರಿಗೆ ಎಂಬುದನ್ನು ಬರೆಯಲು ಮರೆತೆವು. ಅಂಗಳವನ್ನು ಮಟ್ಟ ಮಾಡಿಕೊಡುವುದು ಕೆಲಸದೊಳಗೆ ಸೇರಿದೆಯೇ ಎಂಬುದನ್ನೂ ಬರೆಯಲಿಲ್ಲ. ಎರಡಕ್ಕೂ ಮುಂದೆ ಮಾತುಕತೆ ಆಗಬೇಕಾಯಿತು.

ಮೊದಲನೆಯ ದಿನ ಅವರು ಬ್ರೇಕರನ್ನು ಮುಟ್ಟಿದ್ದು ಹನ್ನೊಂದು ಗಂಟೆಯ ಮೇಲೆ. ಅಲ್ಲಿಯವರೆಗೆ ಗೋಡೆಯಿಂದ ಆರು ಅಂಗುಲ ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು, ವಜ್ರದ ಬ್ಲೇಡಿನ ಕಟಿಂಗ್ ಮಷೀನಿನಿಂದ ನೀರು ಬಿಡುತ್ತಾ ಒಂದೂವರೆ ಅಂಗುಲ ಆಳಕ್ಕೆ ಕೊಯ್ದರು. ಕೂಲಿಗಳು ಸುಮ್ಮನೆ ಕುಳಿತಿದ್ದಾರಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಆದರೆ ಕೊಯ್ದ ಗೆರೆಯ ಬೆಲೆ ಮಧ್ಯಾಹ್ನ ಗೊತ್ತಾಯಿತು. ಬ್ರೇಕರಿನ ಪೆಟ್ಟಿಗೆ ಕಾಂಕ್ರೀಟು ಸೀಳಿಕೊಂಡು ಹೋಗುವ ಬಿರುಕು ಗೋಡೆಯ ಕಡೆಗೆ ಓಡಿ ಬಂದು, ಆ ಗೆರೆ ಸಿಕ್ಕೊಡನೆ ಅಲ್ಲಿಗೇ ನಿಂತುಬಿಡುತ್ತಿತ್ತು. ಒಡೆಯುವುದನ್ನೂ ನಡುವಿನಿಂದ ಆರಂಭಿಸದೆ ಗೇಟಿನ ಕಡೆಯ ತೆರೆದ ಅಂಚಿನಿಂದ ಆರಂಭಿಸಿದರು. ಚೂರು ಬೀಳಲು ಒಂದು ಬದಿ ಖಾಲಿಯಿದ್ದರೆ ಅದೇ ಕಾಂಕ್ರೀಟು ಅರ್ಧ ಶ್ರಮಕ್ಕೆ ಬಿಡುತ್ತದಂತೆ. ಒಬ್ಬ ಬ್ರೇಕರ್ ಹಿಡಿದು ಅಂಚಿನಿಂದ ಒಂದಡಿ ಒಳಗೆ ಸಾಲಾಗಿ ಮೂರು ನಾಲ್ಕು ಕಡೆ ಇಳಿಸುತ್ತಿದ್ದ, ಇನ್ನೊಬ್ಬ ಹಾರೆಯಿಂದ ಮೀಟಿ ಎಬ್ಬಿಸುತ್ತಿದ್ದ, ಉಳಿದಿಬ್ಬರು ಚೂರುಗಳನ್ನು ಬಾಂಡ್ಲಿಗೆ ತುಂಬುತ್ತಿದ್ದರು. ಇಪ್ಪತ್ತು ನಿಮಿಷಕ್ಕೊಮ್ಮೆ ಬ್ರೇಕರ್ ಕೈ ಬದಲಾಗುತ್ತಿತ್ತು. ಆ ಯಂತ್ರವನ್ನು ನಾನೂ ಒಮ್ಮೆ ಹಿಡಿದು ನೋಡಿದೆ. ಎರಡು ನಿಮಿಷಕ್ಕೆ ಬಿಟ್ಟರೂ ಕಾಫಿ ಲೋಟ ಹಿಡಿಯುವಾಗ ಬೆರಳುಗಳು ಇನ್ನೂ ಗುಂಯ್‌ಗುಡುತ್ತಿದ್ದವು.

ವಿದ್ಯುತ್ತಿನ ವಿಷಯದಲ್ಲಿ ಒಂದು ಮಾತು. ಇಂಥ ಒಂದೊಂದು ಬ್ರೇಕರೂ ಸುಮಾರು 1,500ರಿಂದ 1,700 ವಾಟ್ ಎಳೆಯುತ್ತದೆ. ಎರಡೂ ಒಟ್ಟಿಗೆ ಓಡುತ್ತಿರುವಾಗ ಮನೆಯೊಳಗೆ ನೀರಿನ ಮೋಟರು ಹಾಕಿದ್ದರಿಂದ ಮೊದಲ ದಿನವೇ ಟ್ರಿಪ್ ಆಯಿತು. ಅಲ್ಲಿಂದ ಮುಂದೆ ಬೆಳಿಗ್ಗೆ ಎಂಟರೊಳಗೆ ಟ್ಯಾಂಕು ತುಂಬಿಸಿಕೊಂಡೆವು. ಅವರು ತಂದಿದ್ದ ಎಕ್ಸ್‌ಟೆನ್ಷನ್ ಬೋರ್ಡಿನಲ್ಲೇ ಸೋರಿಕೆ ಕಂಡರೆ ತಾನಾಗಿಯೇ ಕಡಿದುಕೊಳ್ಳುವ ಇಎಲ್‌ಸಿಬಿ ಇತ್ತು; ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ಓಡಾಡುವ ಕೆಲಸಗಾರರಿರುವಾಗ ಅದು ಇಲ್ಲದ ಬೋರ್ಡನ್ನು ಯಾರೇ ತಂದರೂ ಮನೆಯ ಪ್ಲಗ್ಗಿಗೆ ಚುಚ್ಚಲು ಬಿಡಬಾರದು.

ತುಳಸಿಕಟ್ಟೆಯ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಣ ಹಾಕುವಾಗ ಕಟ್ಟೆಯ ಬುಡದ ಸುತ್ತಲೂ ಕಾಂಕ್ರೀಟು ಸುರಿದಿದ್ದರಿಂದ ಎರಡೂ ಒಂದೇ ಬಂಡೆಯಂತಾಗಿದ್ದವು. ಕಟ್ಟೆಯನ್ನು ಉಳಿಸುವುದು ಕಷ್ಟ, ಬೇಕಾದರೆ ಹೊಸದು ಕಟ್ಟಿಸಿಕೊಳ್ಳಿ ಎಂದು ಜೆಸಿಬಿಯವರು ಹೇಳಿ ಹೋಗಿದ್ದರು. ಅಮ್ಮ ಅದನ್ನು ಕೇಳಿಸಿಕೊಂಡು ಎರಡು ದಿನ ಸರಿಯಾಗಿ ಮಾತನಾಡಿರಲಿಲ್ಲ. ನಮ್ಮ ಗುತ್ತಿಗೆದಾರರು ಮೂರನೆಯ ದಿನ ಅರವತ್ತು ದಾಟಿದ ಒಬ್ಬ ಮೇಸ್ತ್ರಿಯನ್ನು ಕರೆತಂದರು. ಅವರ ಚೀಲದಲ್ಲಿ ಬೇರೆ ಬೇರೆ ಅಗಲದ ನಾಲ್ಕು ಚಾಣಗಳು, ಒಂದು ಸಣ್ಣ ಸುತ್ತಿಗೆ, ಒಂದು ಹಳೆಯ ಟವೆಲು, ಇಷ್ಟೇ ಇದ್ದವು. ಟವೆಲನ್ನು ಮಡಚಿ ಮೊಣಕಾಲ ಕೆಳಗಿಟ್ಟುಕೊಂಡು ಕುಳಿತು, ಮೊದಲು ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟರು. ಟೊಳ್ಳು ಸದ್ದು ಬಂದ ಕಡೆ ಚಾಣ ಇಟ್ಟರು, ಗಟ್ಟಿ ಸದ್ದು ಬಂದ ಕಡೆ ಬಿಟ್ಟರು. ಬಲವಾಗಿ ಒಂದು ಪೆಟ್ಟೂ ಹಾಕಲಿಲ್ಲ. ಒಂದೇ ಜಾಗಕ್ಕೆ ಹತ್ತು ಹದಿನೈದು ಸಣ್ಣ ಪೆಟ್ಟು ಹಾಕಿ, ಚಾಣವನ್ನು ಒಂದು ಬೆರಳಿನಷ್ಟು ಸರಿಸಿ, ಮತ್ತೆ ಹತ್ತು ಹದಿನೈದು. ಮೂರೂವರೆ ಗಂಟೆಯ ಮೇಲೆ ಕಟ್ಟೆಯ ಸುತ್ತಲಿನ ಕಾಂಕ್ರೀಟು ನಾಲ್ಕು ತುಂಡಾಗಿ ಬಿಟ್ಟುಕೊಂಡಿತು. ಅದರ ಕೆಳಗಿನಿಂದ ಯಾವತ್ತೋ ಬಳಿದಿದ್ದ ಕಾವಿಯ ಪಟ್ಟಿಯೊಂದು ಹಾಗೆಯೇ ಹೊರಬಂದಿತು. ಅಮ್ಮ ಅವರನ್ನು ಜಗಲಿಯಲ್ಲಿ ಕೂರಿಸಿ ಊಟ ಹಾಕಿದರು. ಗೋಡೆಯ ಬುಡದ ಆರು ಅಂಗುಲವನ್ನೂ ಮರುದಿನ ಅವರೇ ಕೈಯಿಂದ ಬಿಡಿಸಿದರು.

ಪೈಪಿನ ಅವಘಡ ನಡೆದದ್ದು ಎರಡನೆಯ ದಿನ. ಕೆಲಸಕ್ಕೆ ಮೊದಲೇ ಅವರು ನೆಲದಡಿಯಲ್ಲಿ ಏನೇನಿದೆ ಎಂದು ಕೇಳಿದ್ದರು. ನಾನು ನೆನಪಿನಿಂದ ಗೇಟಿನ ಮೀಟರಿನಿಂದ ಸಂಪಿನವರೆಗೆ ನೇರ ಗೆರೆ ತೋರಿಸಿದ್ದೆ, ಅವರು ಅದರ ಎರಡೂ ಬದಿಗೆ ಒಂದೊಂದು ಅಡಿ ಬಿಟ್ಟು ಗುರುತು ಹಾಕಿದ್ದರು. ಆದರೆ ಪೈಪು ಹಾಕಿದವರು ಅದನ್ನು ಓರೆಯಾಗಿ ಒಯ್ದಿದ್ದರು. ಬ್ರೇಕರಿನ ಮೊನೆ ಗುರುತಿನಿಂದ ನಾಲ್ಕಡಿ ಆಚೆ ಪೈಪನ್ನು ಸೀಳಿ, ವಾರಕ್ಕೆರಡು ದಿನ ಬರುವ ನಲ್ಲಿ ನೀರು ಅಂದೇ ಬಂದಿದ್ದರಿಂದ ಅಂಗಳದಲ್ಲಿ ಕಾರಂಜಿಯೇ ಎದ್ದಿತು. ಹಾಳೆಯ ಪ್ರಕಾರ ಖರ್ಚು ಅವರದು, ನ್ಯಾಯದ ಪ್ರಕಾರ ತಪ್ಪು ನನ್ನದು. ಅವರು ಒಂದು ಗಂಟೆಯೊಳಗೆ ಪ್ಲಂಬರನ್ನು ಕರೆಸಿ ಸರಿಮಾಡಿಸಿ, ಪ್ಲಂಬರಿನ ಕೂಲಿಯನ್ನು ತಾವೇ ಕೊಟ್ಟು, ಪೈಪು ಮತ್ತು ಜಾಯಿಂಟುಗಳ 640 ರೂಪಾಯಿಯ ಬಿಲ್ಲನ್ನು ಮಾತ್ರ ನನ್ನ ಕೈಗಿಟ್ಟರು. ನಾನು ಮರುಮಾತಿಲ್ಲದೆ ಕೊಟ್ಟೆ. ಹೊಸ ಪೈಪಿನ ದಾರಿಯನ್ನು ಮಣ್ಣು ಮುಚ್ಚುವ ಮೊದಲು ಅಳತೆಪಟ್ಟಿ ಇಟ್ಟು ಫೋಟೋ ತೆಗೆದಿಟ್ಟುಕೊಂಡಿದ್ದೇನೆ.

ಇನ್ನು ದೂರುಗಳು. ಮೊದಲನೆಯದು ದೂಳಿನದು, ಮತ್ತು ಇದರಲ್ಲಿ ಅವರಿಗೆ ಯಾವ ರಿಯಾಯಿತಿಯನ್ನೂ ಕೊಡಲು ನಾನು ಸಿದ್ಧನಿಲ್ಲ. ಎರಡು ಬದಿಗೆ ನೆಟ್ ಕಟ್ಟಬೇಕೆಂದು ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಿದ್ದರೂ ಕಟ್ಟಿದ್ದು ರಸ್ತೆಯ ಬದಿಗೆ ಮಾತ್ರ. ಪಕ್ಕದ ಮನೆಯ ಬದಿಗೆ ನಾಳೆ ತರುತ್ತೇನೆ ಎಂದದ್ದು ಕೊನೆಯವರೆಗೂ ನಾಳೆಯಾಗಿಯೇ ಉಳಿಯಿತು. ಫೆಬ್ರವರಿ, ಮಾರ್ಚ್ ಎಂದರೆ ಪ್ರತಿ ಮನೆಯ ತಾರಸಿಯ ಮೇಲೂ ಸಂಡಿಗೆ, ಹಪ್ಪಳ ಒಣಗುವ ಕಾಲ. ಎರಡನೆಯ ದಿನ ಸಂಜೆ ಪಕ್ಕದ ಮನೆಯ ಅಜ್ಜಿ ಒಂದು ತಟ್ಟೆಯಲ್ಲಿ ಅರಳು ಸಂಡಿಗೆ ತಂದು ನನ್ನ ಮುಂದೆ ಹಿಡಿದರು. ಬೆಳ್ಳಗಿರಬೇಕಾದ ಸಂಡಿಗೆಯ ಮೇಲೆ ಬೂದು ಬಣ್ಣದ ಹಿಟ್ಟು ಕುಳಿತಿತ್ತು. “ಇದನ್ನ ನೀವು ಕರಿದು ತಿನ್ನಿಪ್ಪಾ, ನಮ್ಗೆ ಬೇಡ” ಎಂದು ಹೇಳಿ ತಟ್ಟೆಯನ್ನು ಅಲ್ಲೇ ಇಟ್ಟು ಹೋದರು. ಅವರಿಗೆ ಹೊಸದಾಗಿ ಅಕ್ಕಿ, ಅರಳು ತಂದುಕೊಟ್ಟು ಕ್ಷಮೆ ಕೇಳಿದ್ದು ನಾವು, ಗುತ್ತಿಗೆದಾರರಲ್ಲ.

ಸಂಡಿಗೆಗಿಂತ ದೊಡ್ಡ ಮಾತು ಕೆಲಸಗಾರರದು. ಕಾಂಕ್ರೀಟಿನ ದೂಳಿನಲ್ಲಿ ಮರಳಿನಿಂದ ಬಂದ ಸಿಲಿಕಾ ಇರುತ್ತದೆ. ಅದರ ಅತಿ ಸಣ್ಣ ಕಣಗಳು ವರ್ಷಗಟ್ಟಲೆ ಉಸಿರಿನೊಡನೆ ಒಳಗೆ ಹೋದರೆ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯನ್ನು ಪೂರ್ತಿ ವಾಸಿ ಮಾಡುವ ಔಷಧವಿಲ್ಲ. ಕೊಯ್ಯುವಾಗ ನೀರು ಬಿಟ್ಟವರು ಒಡೆಯುವಾಗ ಬಿಡಲಿಲ್ಲ. ನಾಲ್ವರಲ್ಲಿ ಇಬ್ಬರು ಮೂಗಿಗೆ ಟವೆಲ್ ಸುತ್ತಿಕೊಂಡಿದ್ದರು, ಒಬ್ಬನ ಮಾಸ್ಕು ಗಲ್ಲದ ಕೆಳಗೆ ನೇತಾಡುತ್ತಿತ್ತು, ಇನ್ನೊಬ್ಬನಿಗೆ ಅದೂ ಇರಲಿಲ್ಲ. ಮೂರನೆಯ ದಿನ ನಾನೇ ಒಂದು ಪೊಟ್ಟಣ ಎನ್-95 ಮಾಸ್ಕು ತಂದುಕೊಟ್ಟು, ತೋಟಕ್ಕೆ ಬಳಸುವ ಪೈಪಿನಿಂದ ಒಡೆಯುವ ಜಾಗಕ್ಕೆ ಆಗಾಗ ನೀರು ಚಿಮುಕಿಸತೊಡಗಿದೆ. ದೂಳು ಅರ್ಧಕ್ಕಿಂತ ಕಡಿಮೆಯಾಯಿತು. ಅಷ್ಟು ಸುಲಭದ ಕೆಲಸವನ್ನು ಇಷ್ಟು ಅನುಭವವಿರುವ ಗುತ್ತಿಗೆದಾರರು ಮೊದಲ ದಿನವೇ ಮಾಡಿಸಬೇಕಿತ್ತು.

ಸದ್ದಿನ ವಿಷಯದಲ್ಲಿ ಮಾತ್ರ ಅವರು ಹೇಳಿದ ಮಾತಿಗೆ ತಕ್ಕಂತೆ ನಡೆದುಕೊಂಡರು. ಹಿಂದಿನ ಮನೆಯ ಹುಡುಗಿಗೆ ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರವಿತ್ತು. ಆ ಮನೆಯವರೊಡನೆ ಮಾತನಾಡಿ, ಬ್ರೇಕರನ್ನು ಬೆಳಿಗ್ಗೆ ಹತ್ತರಿಂದ ಒಂದು, ಮಧ್ಯಾಹ್ನ ಎರಡೂವರೆಯಿಂದ ಐದು, ಇಷ್ಟೇ ಹೊತ್ತು ಓಡಿಸಿದರು. ಮೂರು ದಿನ ಐದು ದಿನವಾದದ್ದಕ್ಕೆ ಇದೂ ಒಂದು ಕಾರಣವಾದ್ದರಿಂದ ತಡವಾದದ್ದನ್ನು ನಾನು ತಪ್ಪಿನ ಪಟ್ಟಿಗೆ ಸೇರಿಸುವುದಿಲ್ಲ.

ಎರಡನೆಯ ದೂರು ಚೂರಿನ ಸಾಗಣೆಯದು. ಒಡೆದ ಕಾಂಕ್ರೀಟು ಒಡೆಯದ ಕಾಂಕ್ರೀಟಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ, ಚೂರುಗಳ ನಡುವಿನ ಸಂದಿಯೂ ಲೆಕ್ಕಕ್ಕೆ ಬರುತ್ತದೆ. 330 ಘನ ಅಡಿ ಸುಮಾರು ಒಂದೂವರೆ ಪಟ್ಟು ಉಬ್ಬಿ ಆರರ ಬದಲು ಏಳು ಲೋಡಾಯಿತು. ಇದು ಸಹಜ, ಏಳನೆಯ ಲೋಡಿನ ಹಣವನ್ನು ಕೊಟ್ಟಿದ್ದೇನೆ. ಎರಡು ಲೋಡನ್ನು ನಮ್ಮ ತೋಟದ ದಾರಿಯಲ್ಲಿ ಮಳೆಗಾಲದಲ್ಲಿ ಜೀಪು ಹೂತುಕೊಳ್ಳುವ ಜಾಗಕ್ಕೆ ಹಾಕಿಸಿದೆವು. ದೊಡ್ಡ ಚೂರು ಕೆಳಗೆ, ಸಣ್ಣದು ಮೇಲೆ. ನಾಲ್ಕು ಲೋಡು ತಗ್ಗು ತುಂಬಿಸಬೇಕಿದ್ದ ಒಬ್ಬರ ನಿವೇಶನಕ್ಕೆ ಅವರ ಒಪ್ಪಿಗೆಯ ಮೇಲೆ ಹೋಯಿತು. ಕೊನೆಯ ಲೋಡನ್ನು ಮಾತ್ರ ಟ್ರಾಕ್ಟರ್ ಸಿಗಲಿಲ್ಲವೆಂದು ಹೇಳಿ ಗೇಟಿನ ಹೊರಗೆ ರಸ್ತೆಯ ಬದಿಯಲ್ಲಿ, ಅರ್ಧ ಚರಂಡಿಯ ಮೇಲೆ ರಾಶಿ ಹಾಕಿ ಹೋದರು. ಅದು ಅಲ್ಲಿ ನಾಲ್ಕು ದಿನ ಬಿದ್ದಿತ್ತು. ಕಟ್ಟಡದ ಅವಶೇಷಗಳನ್ನು ರಸ್ತೆಗೂ ಚರಂಡಿಗೂ ಸುರಿಯಬಾರದು, ಅದರ ಹೊಣೆ ಆ ಅವಶೇಷ ಯಾರ ಕೆಲಸದಿಂದ ಹುಟ್ಟಿತೋ ಅವರದೇ ಎಂದು 2016ರಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ಹೊರಡಿಸಿದ ನಿಯಮಗಳಲ್ಲಿಯೇ ಇತ್ತು. ನಗರಸಭೆಯ ಸಿಬ್ಬಂದಿ ಬಂದು ಕೇಳಿದ್ದು ಗುತ್ತಿಗೆದಾರರನ್ನಲ್ಲ, ನನ್ನನ್ನು. ಕೊನೆಯ ಕಂತನ್ನು ನಾನು ಹಿಡಿದಿಟ್ಟುಕೊಂಡಿದ್ದರಿಂದಲೇ ರಾಶಿ ಬಿದ್ದ ಐದನೆಯ ದಿನ ಟ್ರಾಕ್ಟರ್ ಬಂದಿತು ಎಂಬುದು ನನ್ನ ಖಚಿತ ನಂಬಿಕೆ.

ಕಬ್ಬಿಣದ ಮಾತು ಬೇಗ ಮುಗಿಯಿತು. ಗೇಟಿನ ಒಳಗೆ ಲಾರಿ ಹತ್ತಲೆಂದು ಹತ್ತಡಿ ಉದ್ದ, ಮೂರಡಿ ಅಗಲದ ಪಟ್ಟಿಗೆ 8 ಎಂಎಂ ಸರಳು ಹಾಕಿದ್ದದ್ದು ನಮಗೂ ಗೊತ್ತಿರಲಿಲ್ಲ. ಸರಳಿರುವ ಕಾಂಕ್ರೀಟು ಒಡೆದರೂ ಬೇರೆಯಾಗುವುದಿಲ್ಲ, ಗ್ರೈಂಡರಿನಿಂದ ಒಂದೊಂದೇ ಸರಳನ್ನು ಕತ್ತರಿಸಬೇಕು. ಅದಕ್ಕೆ ಅವರು ಹೆಚ್ಚಿಗೆ 1,500 ಕೇಳಿದರು. 8 ಎಂಎಂ ಸರಳು ಮೀಟರಿಗೆ ಸುಮಾರು 395 ಗ್ರಾಂ. ಇಡೀ ಪಟ್ಟಿಯಲ್ಲಿ ಸಿಕ್ಕದ್ದು 15 ಕೆಜಿ ಆಸುಪಾಸು. ಗುಜರಿಯಲ್ಲಿ ಅದಕ್ಕೆ ದೊಡ್ಡ ಬೆಲೆಯೇನೂ ಬಾರದು, ಆದರೂ ಸರಳನ್ನು ನೀವೇ ಒಯ್ಯಿರಿ, ಹೆಚ್ಚಿನ ಹಣ ಬೇಡ ಎಂದಾಗ ನಕ್ಕು ಒಪ್ಪಿಕೊಂಡರು. ಮಟ್ಟ ಮಾಡುವ ಕೆಲಸಕ್ಕೆ ಮಾತ್ರ ಒಪ್ಪಲಿಲ್ಲ. ಸೋಲಿಂಗಿನ ಕಲ್ಲುಗಳನ್ನು ಕಿತ್ತು ಮೂಲೆಗೆ ಜೋಡಿಸಿಕೊಟ್ಟರು, ಮಣ್ಣನ್ನು ಹರಡಿಕೊಂಡವರು ನಾವೇ.

ಕಾಂಕ್ರೀಟಿನ ಕೆಳಗೆ ಇಷ್ಟು ವರ್ಷ ಬಿಸಿಲು ಕಾಣದ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿತ್ತು, ಒಂದು ಎರೆಹುಳವೂ ಇರಲಿಲ್ಲ. ಗುದ್ದಲಿಯಿಂದ ಅಗೆದು, ಕೊಟ್ಟಿಗೆ ಗೊಬ್ಬರ ಬೆರೆಸಿ, ಗೋಡೆಯಿಂದ ಹೊರಗೆ ಇಳಿಜಾರು ಬರುವಂತೆ ಎಳೆದು, ಗೋಡೆಯ ಬುಡಕ್ಕೆ ಎರಡಡಿ ಅಗಲಕ್ಕೆ ಜಲ್ಲಿ ಹಾಕಿದೆವು. ಮಾರ್ಚ್ ಕೊನೆಯಲ್ಲಿ ಹೂಮಳೆ ಬಿದ್ದಾಗ ಜಗಲಿಯಲ್ಲಿ ನಿಂತು ನೋಡಿದೆ. ಕಣವಿದ್ದಾಗ ಅಷ್ಟೇ ಮಳೆಗೆ ಗೇಟಿನವರೆಗೆ ಹೊಳೆಯಂತೆ ಹರಿಯುತ್ತಿದ್ದ ನೀರು ಅಂಗಳದಲ್ಲೇ ಇಂಗಿಹೋಯಿತು. ಪಾಯದ ಕಲ್ಲು ಮತ್ತೆ ಹೊರಗೆ ಕಾಣುತ್ತಿದೆ. ಗೋಡೆಯ ತೇವ ನಿಜವಾಗಿ ನಿಂತಿದೆಯೇ ಎಂಬುದು ಆಗಸ್ಟ್ ಹೊತ್ತಿಗೆ ತಿಳಿಯಬೇಕು.

ಲೆಕ್ಕವನ್ನು ಒಟ್ಟಿಗೆ ಹೇಳುವುದಾದರೆ ಒಡೆದದ್ದಕ್ಕೆ 36,300, ಏಳು ಲೋಡಿಗೆ 8,400, ಪೈಪಿಗೆ 640. ಫೋಟೋ ನೋಡಿ 21,600 ಹೇಳಿದವರಿಗೆ ಇದೇ ಏಳು ಲೋಡಿನ ಸಾಗಣೆ ಸೇರಿಸಿದರೆ 30 ಸಾವಿರವಾಗುತ್ತಿತ್ತು, ಏಳು ಅಂಗುಲ ಕಂಡ ಮೇಲೆ ಅವರೂ ದರ ಏರಿಸದೆ ಬಿಡುತ್ತಿರಲಿಲ್ಲ. ಮನೆಯಿಂದ ದೂರವಿರುವ ಕಣ, ಹಳೆಯ ಗೊಬ್ಬರದ ಗುಂಡಿಯ ತಳ, ಕೊಟ್ಟಿಗೆಯ ನೆಲ ಇಂಥವನ್ನು ಒಡೆಸುವವರು ಇಷ್ಟು ಹಣ ಕೊಡಬೇಕಾಗಿಲ್ಲ, ಅಲ್ಲಿಗೆ ಜೆಸಿಬಿಯೇ ಸರಿ. ಹಳೆಯ ಗೋಡೆಗೆ ತಾಗಿದ ಕಾಂಕ್ರೀಟಿಗೆ ಮಾತ್ರ ನಾನು ಇವರನ್ನೇ ಹೇಳುತ್ತೇನೆ. ಪರೀಕ್ಷೆಯ ಗುಂಡಿ, ಕೊಯ್ದ ಗೆರೆ, ಆ ಹಿರಿಯ ಮೇಸ್ತ್ರಿಯ ಚಾಣ, ಈ ಮೂರಕ್ಕೆ ಪೂರ್ತಿ ಅಂಕ. ದೂಳಿಗೂ ಕೊನೆಯ ಲೋಡಿಗೂ ಸೊನ್ನೆ. ಐದರಲ್ಲಿ ಮೂರೂವರೆ ಎಂದಿಟ್ಟುಕೊಳ್ಳಬಹುದು.

ಹಿತ್ತಲಿನಲ್ಲಿ ಕಾಫಿ ಹಣ್ಣು ತೊಳೆಯುತ್ತಿದ್ದ ಹಳೆಯ ತೊಟ್ಟಿಯೊಂದು ಉಳಿದಿದೆ. ಅದನ್ನು ಒಡೆಯಲು ಮೇ ಮೊದಲ ವಾರಕ್ಕೆ ಅವರಿಗೇ ಹೇಳಿದ್ದೇನೆ. ಈ ಸಲದ ಹಾಳೆಯಲ್ಲಿ ಮೊದಲ ಸಾಲೇ ನೆಟ್ಟಿನದು, ಮತ್ತು ಎರಡೂ ಬದಿಗೆ ನೆಟ್ ಕಟ್ಟಿದ ಮೇಲೆಯೇ ಮುಂಗಡ.